ಅರ್ಧ ಗಂಟೆಯ ಕೆಲಸ

ದೂರಪ್ರಯಾಣದ ಬೈಕಿನ ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಾಯಿಸುವುದು ಅರ್ಧ ಗಂಟೆಯ ಕೆಲಸವೆನ್ನುವವರು, ಹಳೆಯ ಆಯಿಲನ್ನು ಹೊರಬಿಡುವ ಡ್ರೈನ್ ಬೋಲ್ಟಿನವರೆಗೆ ತಲುಪುವ ದಾರಿಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಘಟ್ಟದ ರಸ್ತೆಗಳ ಕಲ್ಲೇಟಿನಿಂದ ಎಂಜಿನ್ನನ್ನು ಕಾಯಲೆಂದು ನಾನೇ ಆಸೆಪಟ್ಟು ಹಾಕಿಸಿಕೊಂಡ ತಳಕವಚವನ್ನು ಮೊದಲು ಬಿಚ್ಚಬೇಕು. ಅದರ ನಾಲ್ಕು ಬೋಲ್ಟುಗಳಲ್ಲಿ ಮೂರು ಸಲೀಸಾಗಿ ಬಂದು, ನಾಲ್ಕನೆಯದು ಮಳೆಗಾಲದ ಕೆಸರಿನೊಂದಿಗೆ ತುಕ್ಕು ಹಿಡಿದು ಕುಳಿತಿತ್ತು. ಇನ್ನು ಡ್ರೈನ್ ಬೋಲ್ಟನ್ನು ಎಷ್ಟು ಬಿಗಿಯಬೇಕೆಂದು ಕೈಪಿಡಿಯಲ್ಲಿ ಅಂಕಿ ಸಮೇತ ಮುದ್ರಿಸಿದ್ದರೂ, ಕಳೆದ ಬಾರಿ ಸರ್ವಿಸ್ ಮಾಡಿದ ಪುಣ್ಯಾತ್ಮರು ಅದನ್ನು ಮುಂದಿನ ಜನ್ಮಕ್ಕೂ ಕಳಚದಂತೆ ಬಿಗಿದಿದ್ದರು. ಎಂಜಿನ್ನಿನ ಅಲ್ಯೂಮಿನಿಯಂ ಕವಚದೊಳಗಿನ ಥ್ರೆಡ್ ಕಿತ್ತುಬಂದರೆ ಗತಿಯೇನೆಂದು ಉಸಿರು ಬಿಗಿಹಿಡಿದೇ ಪಾನಾ ತಿರುಗಿಸಿದೆ.

ಎಂಜಿನ್ ಬೆಚ್ಚಗಿದ್ದರೆ ಆಯಿಲ್ ಸರಾಗವಾಗಿ ಇಳಿಯುತ್ತದೆ ಎಂಬುದು ನಿಜ, ಮೊಣಕೈವರೆಗೂ ಇಳಿಯುತ್ತದೆ. ಡ್ರೈನ್ ಬೋಲ್ಟು ಸೋರದಂತೆ ಹಾಕುವ ಹೊಸ ತಾಮ್ರದ ವಾಷರ್ ಕೇಳಿದರೆ ‘ಹಳೆಯದೇ ನಡೆಯುತ್ತೆ ಸಾರ್’ ಎಂದ ಅಂಗಡಿಯವರು, ಆಯಿಲ್ ಕೇಳಿದಾಗ ಕಾರಿನ ಡಬ್ಬಿಯನ್ನೇ ಮುಂದಿಟ್ಟರು. ಎಂಜಿನ್ನಿನ ಆಯಿಲಿನಲ್ಲೇ ಮುಳುಗಿರುವ ಕ್ಲಚ್ಚಿಗೆ ಬೈಕಿನ ಆಯಿಲಿಗೆಂದೇ ನಿಗದಿಯಾದ ಜಾಸೋ ಎಂಎ ಅಥವಾ ಎಂಎ2 ದರ್ಜೆಯದೇ ಬೇಕು, ಇಲ್ಲವಾದರೆ ಕ್ಲಚ್ ಜಾರಬಹುದು ಎಂದು ವಿವರಿಸುವಷ್ಟರಲ್ಲಿ ಅವರು ಮುಂದಿನ ಗಿರಾಕಿಯತ್ತ ತಿರುಗಿದ್ದರು.

ಸೆಂಟರ್ ಸ್ಟ್ಯಾಂಡ್ ಇಲ್ಲದ ಈ ಭಾರದ ಗಾಡಿಯನ್ನು ನೆಟ್ಟಗೆ ಹಿಡಿದುಕೊಂಡೇ, ನೆಲದ ಸಮೀಪವಿರುವ ಗಾಜಿನ ಕಿಂಡಿಯಲ್ಲಿ ಆಯಿಲಿನ ಮಟ್ಟ ನೋಡಲು ಮನುಷ್ಯನಿಗೆ ಜಿರಾಫೆಯ ಕತ್ತಿರಬೇಕು. ಬಳಸಿದ ಆಯಿಲನ್ನು ಕೇಂದ್ರದ 2016ರ ತ್ಯಾಜ್ಯ ನಿರ್ವಹಣಾ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುವುದರಿಂದ ಚರಂಡಿಗೆ ಸುರಿಯುವಂತಿಲ್ಲ, ಸುರಿಯಲು ಮನಸ್ಸೂ ಇಲ್ಲ. ಎರಡು ಗ್ಯಾರೇಜುಗಳು ಬೇಡವೆಂದ ಆ ಕಪ್ಪು ಕ್ಯಾನು ಈಗಲೂ ಬಾಲ್ಕನಿಯ ತುಳಸಿ ಕುಂಡದ ಪಕ್ಕದಲ್ಲಿದ್ದು, ಮನೆಯವರು ದಿನಕ್ಕೆರಡು ಬಾರಿ ಅದರ ಕ್ಷೇಮ ವಿಚಾರಿಸುತ್ತಾರೆ.