ವೆಬ್ಲಿ ಬರೀ ಷೋಕೇಸಿನ ವಸ್ತು ಅಲ್ಲ

ಹಳೇ ರಿವಾಲ್ವರ್‌ಗಳ ಬಗ್ಗೆ ನೀವು ಲೇಖನ ಬರೆದದ್ದು ಖುಷಿಯಾಯ್ತು ಸರ್. ಆದರೆ ಅವು ಷೋಕೇಸಿನಲ್ಲಿಡಲು ಮಾತ್ರ ಲಾಯಕ್ಕು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಬೆಳಗಾವಿಯಲ್ಲಿ ನಮ್ಮ ಕಾಕಾ ಅವರ ಹತ್ತಿರ ಲೈಸೆನ್ಸ್ ಇರುವ, .32 ಇಂಚು ಅಳತೆಯ ವೆಬ್ಲಿ, ಅಂದರೆ ಬ್ರಿಟಿಷ್ ಕಂಪನಿಯ ರಿವಾಲ್ವರ್ ಇದೆ. ಹೆಬ್ಬೆರಳಿನಿಂದ ಪಕ್ಕದ ಲಿವರ್ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ಪೂರ್ತಿ ಬಾಗಿಸಿದರೆ ನಕ್ಷತ್ರದಂಥ ತುಣುಕು ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೇ ಹೊರಗೆ ತಳ್ಳುತ್ತದೆ. ಎಂಥ ಕೆಲಸಗಾರಿಕೆ ಅಲ್ವಾ! ಕಾನ್ಪುರದಲ್ಲಿ ತಯಾರಾದ ನಮ್ಮ ದೇಶದ .32 ರಿವಾಲ್ವರ್ ಕೂಡ ಇದೇ ಮಾದರಿಯದ್ದು.

ಹಾಗಂತ ಸುಮ್ನೆ ಹಳೇದನ್ನು ತೆಗೆದು ಹಾರಿಸಬಾರದು. 1887ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ವೆಬ್ಲಿ ಮಾರ್ಕ್ 1 ಹಳೇ ಕಾಲದ ಕಪ್ಪು ಸಿಡಿಮದ್ದಿಗಾಗಿ ಮಾಡಿದ್ದು. ಈಗಿನ ಹೊಗೆರಹಿತ ಮದ್ದಿನ ಒತ್ತಡ ಅದಕ್ಕೆ ಜಾಸ್ತಿಯಾಗುತ್ತದೆ. ತೋಟಾ ತುಂಬುವ ಸಿಲಿಂಡರ್ ಅಲುಗಾಡುತ್ತದೆಯೇ, ಅದರ ಪ್ರತಿ ಕೋಣೆ ನಳಿಗೆಗೆ ನೇರ ನಿಲ್ಲುತ್ತದೆಯೇ, ಒಳಗೆ ತುಕ್ಕಿನ ಗುಂಡಿ ಬಿದ್ದಿವೆಯೇ, ಇಷ್ಟನ್ನು ಬಲ್ಲವರಿಂದ ನೋಡಿಸಲೇಬೇಕು.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಒಬ್ಬರು ಎರಡೇ ಬಂದೂಕು ಇಟ್ಟುಕೊಳ್ಳಬಹುದು, ಮೊದಲು ಮೂರಿತ್ತು. ಅಜ್ಜನ ಕಾಲದ್ದು ಹೆಚ್ಚಾದರೆ ಒಪ್ಪಿಸಬೇಕು. ಇದು ನನಗೆ ನಿಜಕ್ಕೂ ಸಂಕಟ. ಪಕ್ಕದ ಬಾಗಲಕೋಟೆ ಜಿಲ್ಲೆಯ ಹಲಗಲಿ ಬೇಡರು 1857ರಲ್ಲಿ ಆಯುಧ ಒಪ್ಪಿಸೆಂದ ಬ್ರಿಟಿಷರ ವಿರುದ್ಧ ದಂಗೆ ಎದ್ದವರು. ಅಂಥ ನೆಲದಲ್ಲಿ ಒಪ್ಪಿಸಿದ ಹಳೇ ಆಯುಧಗಳನ್ನು ಗುಜರಿಗೆ ಹಾಕದೆ, ಗುಂಡು ಹಾರದಂತೆ ಮಾಡಿ, ಯಾರದ್ದು, ಎಲ್ಲಿಂದ ಬಂತು ಎಂದು ಬರೆದು ಜಿಲ್ಲಾ ಮಟ್ಟದ ಮ್ಯೂಸಿಯಂನಲ್ಲಿ ಇಡಲಿ. ಇದರ ಬಗ್ಗೆಯೂ ನೀವೊಂದು ಲೇಖನ ಬರೆಯಬೇಕು ಸರ್.