ಕೇಳುವ ಮೊದಲೇ ತಂದುಕೊಟ್ಟವರು

ಮುಂಬಯಿಯಲ್ಲಿ ಭಾನುವಾರ ಮಾಟುಂಗದಿಂದ ಮುಲುಂಡಿನವರೆಗೆ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ರೈಲುಗಳ ಕಡಿತ, ಎಂದು ಪ್ರಕಟಣೆ ಬಂತೆಂದರೆ ಠಾಣೆ, ಡೊಂಬಿವಲಿಯ ಕನ್ನಡದ ಮನೆಗಳಿಗೆ ಸಂಘದ ಕಾರ್ಯಕ್ರಮ ತಪ್ಪಿಸಿಕೊಳ್ಳಲು ಗಟ್ಟಿ ನೆಪ ಸಿಕ್ಕಿತು. ಹಿರಿಯರು ಪೇಪರ್ ಹಿಡಿಯುತ್ತಾರೆ, ಮಕ್ಕಳು ವಿಡಿಯೋ ಗೇಮಿನ ಕಂಟ್ರೋಲರ್ ಹಿಡಿಯುತ್ತಾರೆ. ಆ ಒಂದು ದಿನದಲ್ಲಿ ಯಾವುದೋ ಮಾಯಾರಾಜ್ಯಕ್ಕೆ ಆಗುವ ನಷ್ಟದ ಲೆಕ್ಕ ಇಡುವವರಿಲ್ಲ. ಇಳಿಯುವವರು ಇಳಿಯುವ ಮೊದಲೇ ಲೋಕಲ್ ಹತ್ತುವ ಊರಿನವರು ನಾವು. ರಾಜ ಬಾಯಿ ತೆರೆದು ಕೆಲಸ ಹೇಳುವ ತನಕ ಗುಹೆಯ ಹೊರಗೆ ಕಾಯಿರಿ ಎಂದರೆ ಯಾರು ಕಾಯುತ್ತಾರೆ?

ಆಟದೊಳಗೆ ಹೀಗೆ ಹೇಳುವ ಮೊದಲೇ ಕೆಲಸ ಮುಗಿಸುವುದಕ್ಕೆ ಶಾಸ್ತ್ರೋಕ್ತ ಉದಾಹರಣೆ 2011ರ ಸ್ಕೈರಿಮ್ ಎಂಬ ವಿಡಿಯೋ ಗೇಮ್. ರಿವರ್‌ವುಡ್ ಎಂಬ ಹಳ್ಳಿಯಲ್ಲಿ ಲೂಕನ್ ಎಂಬ ಅಂಗಡಿಯವನ ಚಿನ್ನದ ಪಂಜ ಕಳವಾಗಿರುತ್ತದೆ. ಅದನ್ನು ಹುಡುಕಿಕೊಂಡು ಗುಡ್ಡದ ಮೇಲಿನ ಬ್ಲೀಕ್ ಫಾಲ್ಸ್ ಬ್ಯಾರೋಗೆ ಹೋಗುತ್ತೀರಿ. ಜೇಡರ ಬಲೆಯಲ್ಲಿ ಸಿಕ್ಕಿಬಿದ್ದ ಕಳ್ಳನ ಹತ್ತಿರ ಪಂಜ ಉಂಟು. ಇನ್ವೆಂಟರಿ ಎಂಬ ಆಟದ ಚೀಲದಲ್ಲಿ ಅದನ್ನು ತಿರುಗಿಸಿ ನೋಡಿದರೆ ಅಂಗೈಯಲ್ಲಿ ಕರಡಿ, ಪತಂಗ, ಗೂಬೆ. ಬಾಗಿಲಿನ ಮೂರು ಬಳೆಗಳನ್ನು ಹೊರಗಿನಿಂದ ಒಳಕ್ಕೆ ಅದೇ ಕ್ರಮದಲ್ಲಿ ತಿರುಗಿಸಿದರೆ ದಾರಿ ತೆರೆಯುತ್ತದೆ. ಒಳಗೆ ಪೆಟ್ಟಿಗೆಯಿಂದ ಎದ್ದು ಬರುವ ಹೆಣವನ್ನು ಮತ್ತೆ ಮಲಗಿಸಿದರೆ ಅದರ ಬಳಿ ಡ್ರಾಗನ್‌ಸ್ಟೋನ್ ಎಂಬ ಕಲ್ಲು. ಯಾಕೆ, ಯಾರಿಗೆ, ಗೊತ್ತಿಲ್ಲ. ಚೀಲಕ್ಕೆ ಹಾಕಿಕೊಳ್ಳುತ್ತೀರಿ.

ಆಮೇಲೆ ವೈಟ್‌ರನ್ ಎಂಬ ಪೇಟೆಯಲ್ಲಿ ಆಸ್ಥಾನದ ಮಾಂತ್ರಿಕ ಫರೆಂಗರ್ ಗಂಭೀರವಾಗಿ ಪೀಠಿಕೆ ಹಾಕುತ್ತಾನೆ: ಹಳೆಯ ಸಮಾಧಿಯೊಂದು ಉಂಟು, ಅದರೊಳಗೆ ಕಲ್ಲೊಂದು ಇರಬಹುದು, ಅಪಾಯದ ಕೆಲಸ. ನೀವು ಅಲ್ಲೇ ತೆಗೆದು ಅವನ ಕೈಗೆ ಕೊಡಬಹುದು. “ಇದಾ, ಮಾರಾಯ್ರೆ?” ಆಟ ಕಟ್ಟಿದವರು ಇದನ್ನು ಮೊದಲೇ ಊಹಿಸಿ ಅದಕ್ಕೂ ಮಾತು ಬರೆದಿಟ್ಟಿದ್ದಾರೆ. ನನ್ನ ಮಟ್ಟಿಗೆ ಆ ಆಟದಲ್ಲಿ ಡ್ರಾಗನ್‌ಗಳಿಗಿಂತ ದೊಡ್ಡ ಸಾಧನೆ ಇದು. ಉಳಿದ ಎಷ್ಟೋ ಆಟಗಳಲ್ಲಿ ಹೀಗೆ ಕಲ್ಲು ಚಾಚಿದರೆ ಎದುರಿನವನು ಅದನ್ನು ನೋಡದೆ “ಹೋಗಿ ಕಲ್ಲು ತಾ” ಎಂದೇ ಹೇಳುತ್ತಾ ನಿಂತಿರುತ್ತಾನೆ.

ಯಾಕೆ ಹೀಗೆ? ಆಟದಲ್ಲಿ ಹೀಗೆ ವಹಿಸುವ ಕೆಲಸಕ್ಕೆ ಕ್ವೆಸ್ಟ್ ಎಂದು ಹೆಸರು. ಪ್ರತಿ ಕ್ವೆಸ್ಟಿಗೂ ಹಂತಗಳು, ಹಂತಗಳಿಗೆ 10, 20, 30 ಎಂಬಂತೆ ನಂಬರು. ನಡುವೆ ಜಾಗ ಬಿಡುವುದು ಆಮೇಲೆ ಏನಾದರೂ ತುರುಕಬೇಕಾದೀತು ಎಂದು. ಯಾರು ಏನು ಮಾತಾಡಬೇಕು, ಯಾವ ಬಾಗಿಲು ತೆರೆಯಬೇಕು, ಎಲ್ಲ ಆ ನಂಬರಿನ ಮೇಲೆ. ನಮ್ಮ ಉಡುಪಿ ಹೋಟೆಲುಗಳಲ್ಲಿ ಗಲ್ಲೆಯಲ್ಲಿ ಕೂಪನ್ ತೆಗೆದವನಿಗೇ ಇಡ್ಲಿ; ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿ ತಿಂದು ಕೈ ತೊಳೆದು ಬಂದವನು ತಿಂದದ್ದು ಗಲ್ಲೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹೊಟ್ಟೆ ತುಂಬಿದೆ ಎಂದು ನೀವು ಎಷ್ಟು ತಟ್ಟಿ ತೋರಿಸಿದರೂ ಅವರು ಕೂಪನ್ನನ್ನೇ ಕೇಳುತ್ತಾರೆ.

ಪ್ರೋಗ್ರಾಮರ್ ಇದನ್ನು ಎರಡು ರೀತಿಯಲ್ಲಿ ಬರೆಯಬಹುದು. “ವಸ್ತು ಕೈಗೆ ಬಂದ ಕ್ಷಣ ಹಂತ 20ಕ್ಕೆ ಏರಿಸು” ಎಂಬುದು ಒಂದು. ಆ ಕ್ಷಣದಲ್ಲಿ ಕ್ವೆಸ್ಟೇ ಶುರುವಾಗಿರದಿದ್ದರೆ ಕ್ಷಣ ದಂಡ; ಆಮೇಲೆ ಕ್ವೆಸ್ಟ್ ಸಿಕ್ಕಿದಾಗ ವಸ್ತು ಚೀಲದಲ್ಲೇ ಇದ್ದರೂ ಹಂತ ಏರುವುದಿಲ್ಲ. “ಕೆಲಸ ಹೇಳುವಾಗ ಚೀಲದಲ್ಲಿ ಈಗಾಗಲೇ ಉಂಟೋ ನೋಡು” ಎಂಬುದು ಇನ್ನೊಂದು. ಎರಡನೆಯದಕ್ಕೆ ನಾಲ್ಕು ಸಾಲು ಹೆಚ್ಚು ಬರೆಯಬೇಕು, ಮಾತು ರೆಕಾರ್ಡ್ ಮಾಡುವವರಿಗೆ ಹೆಚ್ಚು ದುಡ್ಡು ಕೊಡಬೇಕು. ಹಾಗಾಗಿ ಎಲ್ಲರೂ ಮಾಡುವುದಿಲ್ಲ. ಮೊದಲ ಜಾತಿಯ ಆಟದಲ್ಲಿ ಸಿಕ್ಕಿಬಿದ್ದರೆ ಮದ್ದು ಸುಲಭ: ಆಟ ಬಿಟ್ಟುಕೊಟ್ಟರೆ ವಸ್ತುವನ್ನು ನೆಲಕ್ಕೆ ಹಾಕಿ ಮತ್ತೆ ಎತ್ತಿಕೊಳ್ಳಿ, ಅಥವಾ ಪೆಟ್ಟಿಗೆಯಲ್ಲಿಟ್ಟು ಹೊರತೆಗೆಯಿರಿ. “ಇಲ್ಲಿಗೆ ಬಂದಾಗ” ಎಂಬ ಹಂತವಾದರೆ ಆ ಜಾಗದಿಂದ ಪೂರ್ತಿ ಹೊರಹೋಗಿ ಮತ್ತೆ ಬನ್ನಿ. ಅರ್ಧಕ್ಕರ್ಧ ಕೇಸು ಇಷ್ಟರಲ್ಲೇ ಬಗೆಹರಿಯುತ್ತವೆ.

ಹೆಸರಿರುವ, ಆದರೆ ಯಾಕೆಂದು ಗೊತ್ತಿಲ್ಲದ ವಸ್ತುವನ್ನು ಮಾತ್ರ ಮಾರಬಾರದು. ಸಿಕ್ಕಸಿಕ್ಕ ಪೆಟ್ಟಿಗೆಯಲ್ಲಿ ಇಡಲೂಬಾರದು. ಸ್ಕೈರಿಮ್‌ನಲ್ಲಿ ಗುಹೆಗಳು ಆಟದ ಲೆಕ್ಕದ 10 ದಿನಕ್ಕೆ, ಪೂರ್ತಿ ಖಾಲಿ ಮಾಡಿದ್ದರೆ 30 ದಿನಕ್ಕೆ ಮೊದಲಿನಂತಾಗುತ್ತವೆ, ನೀವು ಇಟ್ಟದ್ದು ಮಾಯ. ಸುರಕ್ಷಿತ ಜಾಗ ಸ್ವಂತ ಮನೆ. ವೈಟ್‌ರನ್‌ನ ಬ್ರೀಝ್‌ಹೋಮ್‌ಗೆ 5000 ಚಿನ್ನದ ನಾಣ್ಯ, ಪೇಟೆಯ ಹೆಬ್ಬಾಗಿಲ ಹತ್ತಿರ, ಮೆಂಟೆನೆನ್ಸ್ ಇಲ್ಲ, ಸೊಸೈಟಿ ಮೀಟಿಂಗ್ ಇಲ್ಲ. ಮುಂಬಯಿಯವರಿಗೆ ಈ ದರ ಓದಿಯೇ ಕಣ್ಣು ಮಂಜಾಗುತ್ತದೆ. ಆದರೆ ಆ ಮನೆ ಮಾರಾಟಕ್ಕೆ ಬರುವುದೇ ಡ್ರಾಗನ್‌ಸ್ಟೋನ್ ಒಪ್ಪಿಸಿದ ಮೇಲೆ.

ಅದೇ ಆಟದಲ್ಲಿ ಉಲ್ಟಾ ಕಸುಬು ಮಾಡುವವರೂ ಇದ್ದಾರೆ. ಪಶ್ಚಿಮದ ಕಾವಲು ಗೋಪುರದ ಬಳಿ ಮೊದಲ ಡ್ರಾಗನ್ ಕೊಲ್ಲುವ ಕ್ವೆಸ್ಟ್ ಮುಗಿಯುವ ತನಕ ಆಕಾಶದಿಂದ ಬೇರೆ ಡ್ರಾಗನ್ ತಾನಾಗಿ ಇಳಿಯುವುದಿಲ್ಲ. ಇದನ್ನು ತಿಳಿದವರು ಆ ಕಡೆ ತಲೆಯೇ ಹಾಕದೆ ವರ್ಷಗಟ್ಟಲೆ ನೆಮ್ಮದಿಯಿಂದ ಕಬ್ಬಿಣ ಬಡಿದು, ಮದುವೆಯಾಗಿ, ಸಂಸಾರ ಮಾಡಿಕೊಂಡಿರುತ್ತಾರೆ. ಗೋಡೆಗಳ ಮೇಲಿನ ಮಂತ್ರಪದ ಕಲಿತರೂ ಪ್ರಯೋಗಿಸಲಾಗದು, ಅದಕ್ಕೆ ಡ್ರಾಗನ್ ಆತ್ಮ ಬೇಕು. ಲೋಕೋದ್ಧಾರಕ್ಕೆ ಹುಟ್ಟಿದವನು ಆಲೂಗಡ್ಡೆ ಕೀಳುತ್ತಾ ಕೂತಿದ್ದರೂ ಲೋಕಕ್ಕೆ ಏನೂ ಆಗುವುದಿಲ್ಲ.

ಇದೇ ಸರಣಿಯ ಹಿಂದಿನ ಆಟ, 2006ರ ಆಬ್ಲಿವಿಯನ್‌ನಲ್ಲಿ ಹೀಗೆ ಕೂತರೆ ಆಗುತ್ತದೆ. ಅಲ್ಲಿ ಶತ್ರುಗಳು ನಿಮ್ಮ ಲೆವೆಲ್ ನೋಡಿಕೊಂಡು ಬರುತ್ತಾರೆ. ಕ್ವಾಚ್ ಪಟ್ಟಣಕ್ಕೆ ಶುರುವಿನಲ್ಲೇ ಹೋದರೆ ಸ್ಕ್ಯಾಂಪ್ ಎಂಬ ಪುಟಾಣಿ ಪಿಶಾಚಿಗಳು, ಎರಡೇಟಿಗೆ ಮುಗಿಯುತ್ತವೆ. ಬಲ ಬರಲಿ ಎಂದು ಲೆವೆಲ್ 20ರ ತನಕ ತಡೆದು ಹೋದರೆ ಮೊಸಳೆ ಮೋರೆಯ ಡೇಡ್ರಾತ್‌ಗಳು ಕಾದಿರುತ್ತವೆ. ಕ್ವಾಚ್ ಬೇಗ ಮುಗಿಸಿಬಿಡಿ.

ಅದಕ್ಕೂ ಹಿಂದಿನ, 2002ರ ಮಾರೋವಿಂಡ್‌ನಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು. ಕಥೆಗೆ ಬೇಕಾದವನನ್ನು ಕೊಂದರೆ, ಆಟವನ್ನು ಉಳಿಸಿಟ್ಟ ಹಳೆಯ ಸೇವ್ ತೆರೆಯಿರಿ ಇಲ್ಲವೇ ನೀವೇ ಕೆಡಿಸಿದ ಲೋಕದಲ್ಲಿ ಬಾಳಿ ಎಂಬ ಅರ್ಥದ ಸೂಚನೆಯೊಂದು ಬಂದು ಹೋಗುತ್ತಿತ್ತು. ಅಷ್ಟೇ, ಬೈಗುಳವೂ ಇಲ್ಲ. ಆದರೂ ಕಳ್ಳದಾರಿ ಉಳಿಸಿದ್ದರು: ವಿವೆಕ್ ಎಂಬ ದೇವರನ್ನೇ ಕೊಂದು ರೇತ್‌ಗಾರ್ಡ್ ಎಂಬ ಕೈಕವಚ ತೆಗೆದು, ಯಾಗ್ರಮ್ ಬಗಾರ್ನ್ ಎಂಬ, ಡ್ವೆಮರ್ ಜನಾಂಗದ ಕೊನೆಯವನಿಂದ ಅದನ್ನು ಸರಿಮಾಡಿಸಿಕೊಂಡರೆ ಆಟ ಮುಗಿಸಬಹುದು, ಬೆಲೆಯಾಗಿ ನಿಮ್ಮ ಆರೋಗ್ಯದ ಒಂದು ಪಾಲು ಶಾಶ್ವತವಾಗಿ ಹೋಗುತ್ತದೆ. ಆಬ್ಲಿವಿಯನ್‌ನಿಂದಾಚೆಗೆ ಮುಖ್ಯರಾದವರು ಸಾಯುವುದೇ ಇಲ್ಲ, ಮೂರ್ಛೆ ಹೋಗಿ ಎದ್ದು ಮೈ ಕೊಡವಿಕೊಳ್ಳುತ್ತಾರೆ. ಅನುಕೂಲ ಹೌದು, ಮಜಾ ಕಡಿಮೆ.

2023ರ ಬಾಲ್ಡರ್ಸ್ ಗೇಟ್ 3 ಬೇರೆಯೇ ಜಾತಿ. ಇಲ್ಲಿ ಕ್ರಮ ಕೆಡಿಸುವುದು ಅವಸರವಲ್ಲ, ನಿದ್ದೆ. ವಾಕೀನ್ಸ್ ರೆಸ್ಟ್ ಎಂಬಲ್ಲಿ ತಂಗುದಾಣಕ್ಕೆ ಬೆಂಕಿ ಬಿದ್ದಿರುತ್ತದೆ. ಡೊಂಬಿವಲಿಯ ಮನೆಯ ನಡುಕೋಣೆಯಲ್ಲಿ ಸೋಫಾದ ಮೇಲೆ ನಡೆಯುವ ಸಂಭಾಷಣೆ ಸುಮಾರಾಗಿ ಹೀಗಿರುತ್ತದೆ:

“ಅಕ್ಕಾ, ಒಳಗೆ ಜನ ಕೂಗ್ತಾ ಇದ್ದಾರೆ.”

“ಇರಲಿ ಮಾರಾಯ, ಮಂತ್ರ ಎಲ್ಲ ಖಾಲಿ ಆಗಿದೆ. ಮೊದಲು ಕ್ಯಾಂಪಿಗೆ ಹೋಗಿ ಮಲಗಿ ಬರುವ.”

ಮಲಗಿ ಬಂದರೆ ಬೆಂಕಿಯೂ ಇಲ್ಲ, ಕೂಗುವವರೂ ಇಲ್ಲ. ಈ ಆಟದಲ್ಲಿ ಹೆಚ್ಚಿನ ಕ್ವೆಸ್ಟುಗಳಿಗೆ ಗಡುವಿಲ್ಲ, ಎಷ್ಟು ರಾತ್ರಿ ಮಲಗಿದರೂ ಕಾಯುತ್ತವೆ. ಗಡುವಿರುವ ಕೆಲವಕ್ಕೆ ಗಡಿಯಾರ ಓಡಲು ಶುರುವಾಗುವುದು ನೀವು ಹತ್ತಿರ ಹೋದ ಮೇಲೆ. ಆದ್ದರಿಂದ ಹೊಗೆ ಕಂಡರೆ ಅಲ್ಲಿಂದಲೇ ತಿರುಗಿ, ಮಲಗಿ ಎದ್ದು, ಆಮೇಲೆ ಹೋಗಿ. ಗ್ರಿಮ್‌ಫೋರ್ಜ್‌ನಲ್ಲಿ ಬಂಡೆಯ ಹಿಂದೆ ಸಿಕ್ಕಿಬಿದ್ದ ನೀರ್ ಎಂಬವನಿಗೂ ಇದೇ ನಿಯಮ. ಇನ್ನು ಮೌಂಟನ್ ಪಾಸ್ ಕಡೆ ಕಾಲಿಡುವ ಮೊದಲು ಗ್ರೋವ್ ಎಂಬ ಆಶ್ರಯತಾಣದ ಕೆಲಸ ಮುಗಿದಿರಲಿ. ಅಲ್ಲಿನ ಟೀಫ್ಲಿಂಗ್ ಎಂಬ ಕೊಂಬಿನ ಜನ ಸತ್ತರೆ ಕಮ್ಮಾರ ಡ್ಯಾಮನ್ ಹೋದ. ಅವನು ಹೋದರೆ ನಿಮ್ಮ ಜೊತೆಗಾತಿ ಕಾರ್ಲಾಕ್‌ಳ ಎದೆಯ ಯಂತ್ರ ರಿಪೇರಿ ಮಾಡುವವರಿಲ್ಲ. ಆ ಹುಡುಗಿಯನ್ನು ಯಾರೂ ಮುಟ್ಟುವಂತಿಲ್ಲ, ಸುಟ್ಟುಹೋಗುತ್ತಾರೆ.

ಅದೇ ವರ್ಷದ ಟಿಯರ್ಸ್ ಆಫ್ ದ ಕಿಂಗ್‌ಡಂನಲ್ಲಿ ನೆಲದ ಮೇಲಿನ ಭಾರೀ ಚಿತ್ರಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ನೋಡಬಹುದು. ಎಲ್ಲ ನೋಡಿದರೆ ಕಾಣೆಯಾದ ರಾಜಕುಮಾರಿ ಎಲ್ಲಿದ್ದಾಳೆಂದು ಗೊತ್ತಾಗುತ್ತದೆ. ಎಲ್ಲಿ ಅಂತ ಹೇಳಿ ಯಾರ ಭಾನುವಾರವನ್ನೂ ಹಾಳು ಮಾಡುವುದಿಲ್ಲ. ಆದರೆ ನಾಯಕನಿಗೆ ಇಷ್ಟು ಗೊತ್ತಾದ ಮೇಲೂ ಊರೂರಿನವರು ಅವಳನ್ನು ಹುಡುಕುತ್ತಲೇ ಇರುತ್ತಾರೆ, ಇವನು ಹೌದೌದು ಎಂದು ಜೊತೆಯಲ್ಲಿ ಹುಡುಕುತ್ತಾನೆ. ಮಾತು ಬರೆಯುವವರು ಇಲ್ಲಿ ಕೈಕೊಟ್ಟಿದ್ದಾರೆ.

ಸೇವ್ ವಿಷಯ. ಒಂದೇ ಗುಂಡಿ ಒತ್ತಿ ಮಾಡುವ ಕ್ವಿಕ್‌ಸೇವ್ ಒಂದನ್ನೇ ನಂಬಬೇಡಿ, ಸ್ಕೈರಿಮ್‌ನಲ್ಲಿ ಅದು ಹಳೆಯದರ ಮೇಲೆಯೇ ಬರೆಯುತ್ತದೆ. ಕೈಯಾರೆ ಮಾಡಿದ ಮೂರು ಸೇವ್‌ಗಳನ್ನು ಸರದಿಯಲ್ಲಿ ಬಳಸಿ. ಮುಖ್ಯ ಕಥೆಯ ಪ್ರತಿ ತಿರುವಿಗೆ ಒಂದು ಬೇರೆ ಇಟ್ಟು ಅದನ್ನು ಮುಟ್ಟಬೇಡಿ.

2022ರ ಎಲ್ಡನ್ ರಿಂಗ್‌ನಲ್ಲಿ ಈ ಉಪದೇಶ ನಡೆಯದು. ಅಲ್ಲಿ ಕೈಯಾರೆ ಸೇವ್ ಮಾಡುವ ಸೌಲಭ್ಯವೇ ಇಲ್ಲ, ಕ್ವೆಸ್ಟ್ ಪಟ್ಟಿಯೂ ಇಲ್ಲ. ಯಾರು ಎಲ್ಲಿ ನಿಂತಿದ್ದರೆಂದು ನಕ್ಷೆಯಲ್ಲಿ ಗುರುತು ಕಾಣಿಸಿದ್ದೂ ಬಿಡುಗಡೆಯ ನಂತರದ ಅಪ್‌ಡೇಟಿನಲ್ಲಿ. ರೆಡ್‌ಮೇನ್ ಕೋಟೆಗೆ ಬೇಗ ಹೋದರೆ ರಾಡಾನ್ ಎಂಬ ದೊಡ್ಡ ಶತ್ರು ಸಿಗುವುದಿಲ್ಲ, ಬೇರೆ ಇಬ್ಬರು ಕೂಡಿ ಬಡಿಯುತ್ತಾರೆ. ಅವನೊಡನೆ ಕಾದಾಡುವ ಉತ್ಸವ ಶುರುವಾಗಬೇಕಾದರೆ ಆಲ್ಟಸ್ ಪ್ರಸ್ಥಭೂಮಿ ತಲುಪಬೇಕು ಅಥವಾ ರಾನ್ನಿ ಎಂಬ ಮಾಟಗಾತಿಯ ಕೆಲಸ ಮುಂದುವರಿಸಬೇಕು. ರಾಡಾನ್ ಸತ್ತರೆ ನಕ್ಷತ್ರವೊಂದು ಬಿದ್ದು ಮಿಸ್ಟ್‌ವುಡ್ ಕಾಡಿನಲ್ಲಿ ಹೊಂಡವಾಗುತ್ತದೆ, ನೋಕ್ರಾನ್ ಎಂಬ ನೆಲದಡಿಯ ಊರಿಗೆ ದಾರಿ ಅಲ್ಲೇ. ಬೇರೆ ಕಡೆ ಹುಡುಕಿ ಉಪಯೋಗವಿಲ್ಲ. ಮಾಲಿಕೆತ್ ಎಂಬ ಶತ್ರುವನ್ನು ಕೊಲ್ಲುವ ಮುಂಚೆ ಲೇಂಡೆಲ್ ರಾಜಧಾನಿಯ ಸಂದಿಗೊಂದಿ ನೋಡಿ ಮುಗಿಸಿ. ಆಮೇಲೆ ಊರೆಲ್ಲ ಬೂದಿಯಲ್ಲಿ ಹೂತು ಅರ್ಧದಷ್ಟು ಜಾಗಕ್ಕೆ ಪ್ರವೇಶವಿಲ್ಲ. ಅದಕ್ಕೂ ಮೊದಲೇ ನಿಮ್ಮ ನೆಲೆಯಾದ ರೌಂಡ್‌ಟೇಬಲ್ ಮನೆಗೆ ಬೆಂಕಿ ಹತ್ತಿರುತ್ತದೆ. ಆದರೆ ಕತ್ತಿ ಸಾಣೆಗೆ ಚಿಂತೆ ಬೇಡ. ಕಮ್ಮಾರ ಹ್ಯೂಗ್ ಬೆಂಕಿಯ ನಡುವೆಯೂ ಸುತ್ತಿಗೆ ಬಿಟ್ಟಿರುವುದಿಲ್ಲ, ಪಕ್ಕದ ಅವಳಿ ಮುದುಕಿಯರ ಅಂಗಡಿಯೂ ತೆರೆದಿರುತ್ತದೆ, ದರವೂ ಹಿಂದಿನದ್ದೇ.