ಹುಲಿಗೆ ಇಂಗ್ಲಿಷ್ ಬರುತ್ತಿತ್ತೇ?

ಮೊನ್ನೆ ಭಾನುವಾರ ನಮ್ಮೂರಿನ ಪುಸ್ತಕ ಮೇಳದಲ್ಲಿ ನಡೆದದ್ದನ್ನು ಬರೆಯಬಾರದು ಎಂದುಕೊಂಡು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಮನೆಯಾಕೆ, "ಅದನ್ನು ಫೇಸ್‌ಬುಕ್ಕಿನಲ್ಲಾದರೂ ಬರೆದು ಹಗುರಾಗಿ, ನನ್ನ ತಲೆ ತಿನ್ನಬೇಡಿ" ಎಂದು ಅಪ್ಪಣೆ ಕೊಡಿಸಿದ ಮೇಲೆ ಬರೆಯುತ್ತಿದ್ದೇನೆ.

ಎಂಟೋ ಒಂಬತ್ತೋ ತರಗತಿಯಲ್ಲಿರಬಹುದಾದ ಹುಡುಗಿಯೊಬ್ಬಳು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಸರಣಿಯ ನಾಲ್ಕೂ ಪುಸ್ತಕಗಳನ್ನು ಎದೆಗವಚಿಕೊಂಡು ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದಳು. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಈ ಹೆಸರುಗಳನ್ನು ಒಂದರ ಹಿಂದೊಂದು ಹೇಳಿಕೊಂಡರೆ ಇವತ್ತಿಗೂ ನನ್ನ ಬೆನ್ನಿನಲ್ಲೊಂದು ಸಣ್ಣ ಚಳಿ ಹುಟ್ಟುತ್ತದೆ. ಅಷ್ಟರಲ್ಲಿ ಅವಳ ಚಿಕ್ಕಪ್ಪನೆಂದು ಕಾಣುವ ಯುವಕರೊಬ್ಬರು ಬಂದು ಪುಸ್ತಕಗಳನ್ನು ತಿರುಗಿಸಿ ನೋಡಿ, "ಬೆಳ್ಳಂದೂರಿನ ನರಭಕ್ಷಕ ಅಂದ್ರೆ ಟ್ರಾಫಿಕ್ ಇರ್ಬೇಕು" ಎಂದರು. ನನಗೂ ನಗು ಬಂತು, ಸುಳ್ಳು ಹೇಳಲಾರೆ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. "ಇದೆಲ್ಲ ಅನುವಾದ ಪುಟ್ಟಿ. ಕೆನೆತ್ ಆಂಡರ್ಸನ್ ಬರೆದಿರೋ ಒರಿಜಿನಲ್ ಇಂಗ್ಲಿಷಿನಲ್ಲೇ ಸಿಗುತ್ತೆ, ನಾನು ತರಿಸಿಕೊಡ್ತೀನಿ. ನಿನ್ನ ಇಂಗ್ಲಿಷೂ ಇಂಪ್ರೂವ್ ಆಗುತ್ತೆ" ಎಂದು ನಾಲ್ಕನ್ನೂ ಅವಳ ಕೈಯಿಂದ ಬಿಡಿಸಿ, ಅಡುಗೆ ಪುಸ್ತಕಗಳ ರಾಶಿಯ ಮೇಲಿಟ್ಟು ಅವಳನ್ನು ಕರೆದುಕೊಂಡು ಹೋದರು. ಹುಡುಗಿ ಎರಡು ಸಲ ತಿರುಗಿ ನೋಡಿದಳು.

ನಾನು ಬಾಯಿ ಬಿಡಲಿಲ್ಲ. ಬೇರೆಯವರ ಮನೆಯ ಮಕ್ಕಳ ವಿಷಯದಲ್ಲಿ ಮೂಗು ತೂರಿಸಬಾರದು ಎಂಬ ಸಭ್ಯತೆಯೋ, ಅಂಜುಬುರುಕುತನವೋ, ಎರಡೂ ಇರಬಹುದು. ಅಲ್ಲಿ ಆಡದ ಮಾತನ್ನು ಈಗ ಇಲ್ಲಿ ಆಡುತ್ತಿದ್ದೇನೆ.

‘ಒರಿಜಿನಲ್’ ಎಂದರೆ ಯಾವುದು ಸ್ವಾಮಿ? 1910ರಲ್ಲಿ ಸಿಕಂದರಾಬಾದಿನ ಬಳಿಯ ಬೊಲಾರಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಶಾಲೆ ಕಲಿತು, ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, 1974ರಲ್ಲಿ ಅದೇ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದ ಆಂಡರ್ಸನ್ ಸ್ಕಾಟ್ಲೆಂಡ್ ಮೂಲದ ಮನೆತನದವರಾದರೂ, ಹಲವು ತಲೆಮಾರುಗಳಿಂದ ಈ ನೆಲದಲ್ಲೇ ಬೇರುಬಿಟ್ಟ ಕುಟುಂಬದ ಕುಡಿ. ಕನ್ನಡ, ತಮಿಳು ಎರಡನ್ನೂ ಬಲ್ಲವರು. ಅವರು ನರಭಕ್ಷಕಗಳ ಬೆನ್ನುಹತ್ತಿ ತಿರುಗಿದ ಊರುಗಳನ್ನು ನೋಡಿ: ಹೊಸದುರ್ಗ, ಹೊಳಲ್ಕೆರೆ, ದೇವರಾಯನದುರ್ಗ, ಎಮ್ಮೆದೊಡ್ಡಿ, ತ್ಯಾಗರ್ತಿ, ಚೋರಡಿ, ಗಡಿಯಾಚೆಗಿನ ಜವಳಗಿರಿ, ಗುಮ್ಮಳಾಪುರ, ಅಂಚೆಟ್ಟಿ. ಅಲ್ಲಿಯ ದನಗಾಹಿಗಳು, ಗಾಡಿ ಹೊಡೆಯುವವರು, ಫಾರೆಸ್ಟ್ ಗಾರ್ಡುಗಳು, ಹಿಂದಿನ ರಾತ್ರಿಯಷ್ಟೇ ಮಗನನ್ನು ಹುಲಿಗೆ ಕಳೆದುಕೊಂಡ ತಂದೆತಾಯಂದಿರು ಅವರ ಮುಂದೆ ಯಾವ ಭಾಷೆಯಲ್ಲಿ ಅತ್ತಿರಬಹುದು? ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ. ಆ ಅಳುವನ್ನೂ ಆ ಮಾತನ್ನೂ ರಾತ್ರಿ ಕುಳಿತು ಇಂಗ್ಲಿಷಿಗೆ ತಿರುಗಿಸಿ, 1954ರಲ್ಲಿ ಲಂಡನ್ನಿನ ಪ್ರಕಾಶಕರ ಮೂಲಕ ರಾಗಿ ಮುದ್ದೆಯನ್ನೇ ಕಾಣದ ಓದುಗರ ಕೈಗೆ ಮೊದಲ ಪುಸ್ತಕವನ್ನಿತ್ತವರು ಆಂಡರ್ಸನ್. ಎಂದರೆ ಅನುವಾದಕರು ಅವರು. ತೇಜಸ್ವಿ ಮಾಡಿದ್ದು ಆ ಕತೆಗಳನ್ನು ಬಸ್ಸು ಹತ್ತಿಸಿ ತಿರುಗಿ ಊರಿಗೆ ಕರೆತಂದ ಕೆಲಸ.

ಈ ಮಾತನ್ನು ನಾನು ತರ್ಕಕ್ಕಾಗಿ ಹೂಡಿದ್ದಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಎಮ್ಮೆದೊಡ್ಡಿಯ ಕಾಗುಣಿತವನ್ನು ಒಮ್ಮೆ ನೋಡಬೇಕು ನೀವು. ‘ಯೆಮ್ಮೇಡೊಡ್ಡಿ’ ಎಂದೋ ಏನೋ ಓದಿಕೊಂಡು, ಇದು ಯಾವ ಆಫ್ರಿಕದ ಊರಪ್ಪಾ ಎಂದು ನಾನು ಅರ್ಧ ಕತೆಯವರೆಗೂ ತಲೆ ಕೆರೆದುಕೊಂಡಿದ್ದೆ. ನಮ್ಮ ಕಡೂರು ಸೀಮೆಯ ಎಮ್ಮೆದೊಡ್ಡಿ! ಜನಪದರು ಹಾಡಿಕೊಂಡು ಬಂದ ಮದಗದ ಕೆರೆಯ ಪಕ್ಕದ ಎಮ್ಮೆದೊಡ್ಡಿ! ಅಪ್ಪ ಎಷ್ಟೋ ವರ್ಷ ಆ ದಾರಿಯ ಬಸ್ಸಿನಲ್ಲಿ ಟಿಕೆಟ್ ಹರಿದಿದ್ದರು. ಹುಟ್ಟಿದ ಸೀಮೆಯ ಊರೊಂದನ್ನು ಗುರುತಿಸಲಾಗದಂತೆ ಮಾಡುವ ಪುಸ್ತಕ ‘ಮೂಲ’ವಂತೆ, ಗುರುತು ಹಿಡಿಸುವ ಪುಸ್ತಕ ‘ಬರೀ ಅನುವಾದ’ವಂತೆ.

ಕಾಡಿನ ಪ್ರಾಣಿಗಳ ಹೆಸರುಗಳದ್ದೂ ಇದೇ ಪಾಡು. ಲಂಡನ್ನಿನ ಓದುಗನಿಗೆ ಸಾಂಬಾರ್ ಎಂದರೆ ಒಂದು ದೊಡ್ಡ ಜಾತಿಯ ಜಿಂಕೆ ಎಂದು ಮೊದಲು ವಿವರಿಸಬೇಕು, ಆಮೇಲೆ ಅದನ್ನು ಕೂಗಿಸಬೇಕು. ನಮಗೆ ಆ ಹೆಸರು ಕೇಳಿದರೆ ನೆನಪಾಗುವುದು ಅನ್ನಕ್ಕೆ ಕಲಸಿಕೊಳ್ಳುವ ಸಾಂಬಾರು, ಅದು ಬೇರೆ ಕಷ್ಟ. ಕನ್ನಡದಲ್ಲಿ ‘ಕಡವೆ ಕೂಗಿತು’ ಎಂದರೆ ಸಾಕು, ಮಲೆನಾಡಿನ ಅಂಚಿನಲ್ಲಿ ಬೆಳೆದ ಯಾರಿಗಾದರೂ ಹುಲಿ ಹೊರಟಿತೆಂದು ಗೊತ್ತು. ಕಾಡುಕುರಿ, ಸೀಳುನಾಯಿ, ಕಾಟಿ, ಯಾವುದಕ್ಕೂ ಅಡಿಟಿಪ್ಪಣಿ ಬೇಕಿಲ್ಲ. ‘ಕುರ್ಕ’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಜಾಲಹಳ್ಳಿಯ ಆ ಚಿರತೆಯನ್ನು ಕೊಲೆಗಾರ ಎಂಬರ್ಥದ ಪದದಿಂದ ಕರೆದಿದ್ದಾರೆ. ಆ ಪದ ಯಾವ ಪತ್ತೇದಾರಿ ಕಾದಂಬರಿಯ ರಕ್ಷಾಪುಟಕ್ಕಾದರೂ ಒಪ್ಪೀತು. ‘ಕುರ್ಕ’ ಎಂದಾಗ ಹಟ್ಟಿಯ ಹಿಂದೆ ನಾಯಿ ಹೊತ್ತೊಯ್ಯಲು ಹೊಟ್ಟೆ ನೆಲಕ್ಕೆ ಹಚ್ಚಿ ಬರುವ, ಅಜ್ಜಿ ಹೆಸರು ಹೇಳಿ ಹೆದರಿಸುತ್ತಿದ್ದ, ಆ ಖಾಸಾ ಕಳ್ಳನೇ ಎದುರು ಬರುತ್ತಾನೆ. ಇಂದು ಜಾಲಹಳ್ಳಿಯಲ್ಲಿ ಮೆಟ್ರೊ ನಿಲ್ಲುತ್ತದೆ. ಆ ನಿಲ್ದಾಣದ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿದಾಗಲೆಲ್ಲ ನಾನು ಒಮ್ಮೆ ಕಿಟಕಿಯಾಚೆ ಇಣುಕುತ್ತೇನೆ. ವಯಸ್ಸು ಐವತ್ತರ ಹತ್ತಿರ ಬಂತು, ಅಭ್ಯಾಸ ಹೋಗಿಲ್ಲ.

ಈ ಸರಣಿಯನ್ನು ಜನ ಯಾಕೆ ಇಷ್ಟು ಹಚ್ಚಿಕೊಂಡರು ಎಂದು ಕೇಳಿದರೆ ನನ್ನ ಉತ್ತರ ಇದೇ. ಭಯ ತೀರಾ ಹತ್ತಿರದ್ದು. ತೇಜಸ್ವಿಯವರೇ ಕನ್ನಡಕ್ಕೆ ತಂದ, ಜಿಮ್ ಕಾರ್ಬೆಟ್‌ರ ರುದ್ರಪ್ರಯಾಗದ ಚಿರತೆಯ ಕತೆಯೂ ರೋಮಾಂಚಕವೇ. ಸರ್ಕಾರಿ ಲೆಕ್ಕದಂತೆ 125 ಜನರನ್ನು ತಿಂದು, 1926ರಲ್ಲಿ ಸತ್ತ ಚಿರತೆ ಅದು. ಆದರೆ ರುದ್ರಪ್ರಯಾಗ ಹಿಮಾಲಯದಲ್ಲಿದೆ. ಪುಸ್ತಕ ಮಡಚಿಟ್ಟು ದೀಪ ಆರಿಸಿದರೆ ಚಿರತೆಯೂ ಅಲ್ಲೇ ಉಳಿಯುತ್ತದೆ. ಮಾಗಡಿಯ ಚಿರತೆ ಹಾಗಲ್ಲ, ಅದು ಬೆಳಗಿನ ಬಸ್ಸಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆ ಮುಟ್ಟೀತು. ಅರಸೀಕೆರೆಯ ಬಳಿ 12 ಜನರನ್ನು ಕೊಂದು, ಇನ್ನೂ ಎರಡು ಡಜನ್ ಜನರನ್ನು ಸಿಗಿದು ಹಾಕಿದ ಕರಡಿಯೊಂದನ್ನು ಆಂಡರ್ಸನ್ ಹೊಡೆದ ಕತೆಯಿದೆಯಲ್ಲ, ಅದು ನನ್ನ ಮಾವನ ಮನೆಯ ಕಡೆಯದು. ಆ ಸೀಮೆಯ ಕೋಪದ ಬಗ್ಗೆ ನನಗೆ ಸ್ವಂತ ಅನುಭವವೂ ಸಾಕಷ್ಟಿದೆ, ಇಲ್ಲಿ ಬರೆದರೆ ರಾತ್ರಿ ಊಟ ಸಿಗಲಾರದು.

ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಈ ಕತೆಗಳಲ್ಲಿ ಬಹುಪಾಲು ಏನೂ ನಡೆಯುವುದಿಲ್ಲ. ಮರದ ಮೇಲಿನ ಅಟ್ಟಣೆಯಲ್ಲಿ ಒಬ್ಬ ಮನುಷ್ಯ ಸೊಳ್ಳೆ ಕಚ್ಚಿಸಿಕೊಂಡು, ಕೆಮ್ಮನ್ನು ನುಂಗಿಕೊಂಡು, ಮರಗಟ್ಟಿದ ಕಾಲನ್ನು ಅಲುಗಿಸದೆ ಕತ್ತಲೆಗೆ ಕಿವಿಗೊಟ್ಟು ಕುಳಿತಿರುತ್ತಾನೆ. ಒಂದು ಒಣ ಎಲೆ ಸದ್ದು ಮಾಡುತ್ತದೆ. ಅಷ್ಟೇ. ಆ ಒಂದು ಎಲೆಯ ಸದ್ದಿಗಾಗಿ ಓದುಗ ಹತ್ತು ಪುಟ ಉಸಿರು ಬಿಗಿಹಿಡಿದು ಕಾಯುತ್ತಾನೆ. ಕೊನೆಗೆ ಬರುವ ಪ್ರಾಣಿಯೂ ರಾಕ್ಷಸನಲ್ಲ. ಯಾರೋ ಗುರಿತಪ್ಪಿ ಹಾರಿಸಿದ ಗುಂಡೋ ಮುಳ್ಳುಹಂದಿಯ ಮುಳ್ಳೋ ಅಂಗ ಊನ ಮಾಡಿದ್ದರಿಂದ ತನ್ನ ಸಹಜ ಬೇಟೆಯನ್ನು ಹಿಡಿಯಲಾಗದೆ ಮನುಷ್ಯರ ಮೇಲೆ ಬಿದ್ದ ನತದೃಷ್ಟ ಜೀವ. ಅದು ಸತ್ತಾಗ ಗೆದ್ದೆವು ಎನ್ನಿಸುವುದಿಲ್ಲ, ಒಂದು ಬಗೆಯ ಸಂಕಟವಾಗುತ್ತದೆ. ಹುಲಿಯ ಬಗ್ಗೆ ನಮ್ಮ ತಲೆಮಾರಿನ ಎಷ್ಟೋ ಜನರ ಪ್ರೀತಿ ಶುರುವಾದದ್ದು ಈ ಸಂಕಟದಿಂದಲೇ ಎಂಬುದು ನನ್ನ ಅನುಮಾನ. ಇವುಗಳ ಜೊತೆಗೆ ಬೈರನಂಥ ಕಾಡಿನ ಮನುಷ್ಯರಿದ್ದಾರೆ. ಲಂಗೋಟಿಯಲ್ಲಿ ಬೇಟೆಗೆ ಕದ್ದು ಹೊರಟವನು ಸಿಕ್ಕಿಬಿದ್ದು ಆಮೇಲೆ ಸಾಹೇಬನ ಜೀವದ ಗೆಳೆಯನಾದ ಬೈರ, ಬಂದೂಕು ಹಿಡಿದು ಬಂದವರಿಗೇ ಟೋಪಿ ಹಾಕುವ ಮುನಿಶಾಮಿ. ಇಂಥವರನ್ನು ನಾವು ಸಂತೆಯಲ್ಲಿ ಕಂಡಿದ್ದೇವೆ, ಸಾಲ ಕೊಟ್ಟು ಕಳೆದುಕೊಂಡಿದ್ದೇವೆ. ಅವರು ಇಂಗ್ಲಿಷಿನಲ್ಲಿ ಮಾತಾಡುವಾಗ ನಾಟಕದ ಪಾತ್ರಗಳಂತೆ ಕಾಣುತ್ತಾರೆ, ಕನ್ನಡದಲ್ಲಿ ಮಾತಾಡುವಾಗ ಪಕ್ಕದ ಮನೆಯವರಂತೆ.

‘ತೇಜಸ್ವಿ ಪದಕ್ಕೆ ಪದವಿಟ್ಟು ಅನುವಾದಿಸಿಲ್ಲ, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟಿದ್ದಾರೆ, ಆದ್ದರಿಂದ ಮೂಲವನ್ನೇ ಓದಬೇಕು’ ಎಂದು ನನ್ನ ಸಹೋದ್ಯೋಗಿಗಳಲ್ಲೇ ಕೆಲವರು ವಾದಿಸುತ್ತಾರೆ. ನಿಜ, ಬಿಟ್ಟಿದ್ದಾರೆ. ಲಂಡನ್ನಿನ ಓದುಗನಿಗೆ ಹುಣಸೆಮರವೆಂದರೇನು, ಗಾಡಿದಾರಿಯೆಂದರೇನು ಎಂದು ಪರಿಚಯಿಸುವ ಸಾಲುಗಳನ್ನು ಕಡೂರಿನ ಓದುಗನಿಗೂ ಉಣಬಡಿಸಬೇಕಿತ್ತೇ? ಮೂಲನಿಷ್ಠೆ ಎಂಬ ಮಾತನ್ನು ಷೇಕ್ಸ್‌ಪಿಯರನಿಗೆ ಇಟ್ಟುಕೊಳ್ಳೋಣ. ಇನ್ನು ಕೆಲವರದ್ದು ಬೇಟೆಯ ಆಕ್ಷೇಪ: ಬಂದೂಕು ಹಿಡಿದವನ ಸಾಹಸವನ್ನು ಮಕ್ಕಳಿಗೆ ಓದಿಸುವುದು ಸರಿಯೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದವನು ನಾನು, ಬಂದೂಕಿನ ಬಗ್ಗೆ ನನಗೂ ಮೋಹವಿಲ್ಲ. ಆದರೆ ಈ ಪುಸ್ತಕಗಳನ್ನು ಓದಿ ಕೋವಿ ಹಿಡಿದವರನ್ನು ನಾನು ಕಂಡಿಲ್ಲ, ಬೈನಾಕ್ಯುಲರ್ ಹಿಡಿದವರನ್ನು ಕಂಡಿದ್ದೇನೆ. ಅದೂ ಅಲ್ಲದೆ, ಆ ಯುವಕರ ಆಕ್ಷೇಪ ಬೇಟೆಯ ಮೇಲಿರಲಿಲ್ಲ, ಕನ್ನಡದ ಮೇಲಿತ್ತು. ಅದೇ ಬೇಟೆಯನ್ನು ಇಂಗ್ಲಿಷಿನಲ್ಲಿ ಓದಲು ಅವರದೇನೂ ಅಭ್ಯಂತರವಿರಲಿಲ್ಲ.

ಹೊಟ್ಟೆಪಾಡಿಗೆ ನಾನು ಯಾವ ಭಾಷೆ ಕಲಿಸುತ್ತೇನೆಂಬುದು ನಿಮಗೆಲ್ಲ ಗೊತ್ತು. 20 ವರ್ಷದಿಂದ ಇಂಗ್ಲಿಷ್ ಮೇಷ್ಟರಾಗಿರುವವನು ಇಂಗ್ಲಿಷಿನ ಮೇಲೆ ಹೀಗೆ ಹರಿಹಾಯುವುದೇ ಎಂದು ಕೇಳುವವರು ಕೇಳಲಿ. ಇಂಗ್ಲಿಷಿನ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗಿ ಮುಂದೆ ಆಂಡರ್ಸನ್ನರನ್ನು ಇಂಗ್ಲಿಷಿನಲ್ಲಿ ಓದಲಿ, ಓದಲೇಬೇಕು, ಅವರ ನಿರೂಪಣೆಯ ಚುರುಕೇ ಬೇರೆ. ಕೈಗೆ ಬಂದಿದ್ದ ಕನ್ನಡವನ್ನು ಕಿತ್ತಿಟ್ಟು, ಬಾರದ ಇಂಗ್ಲಿಷಿನ ಆಸೆ ತೋರಿಸಿದ್ದಕ್ಕೆ ಸಿಟ್ಟು. ಈಗ ಅವಳು ಎರಡನ್ನೂ ಓದುವುದಿಲ್ಲ. ನನಗೆ ಗೊತ್ತು, ಏಕೆಂದರೆ ಇಂಥ ಮಕ್ಕಳು ನಾಲ್ಕು ವರ್ಷ ಕಳೆದು ನನ್ನ ತರಗತಿಗೇ ಬರುತ್ತಾರೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಆ ಯುವಕರ ಮಾತನ್ನು ನಾನು ಬಲ್ಲೆ, ಅದು ನನ್ನದೇ ಮಾತು. ಮೈಸೂರಿನಲ್ಲಿ ಎಂ.ಎ. ಓದುವಾಗ ರಜೆಗೆ ಮನೆಗೆ ಹೋಗಿದ್ದೆ. ಅಪ್ಪ ಜಗಲಿಯ ಮೇಲೆ ಕುಳಿತು, ಬಸ್ ಟಿಕೆಟ್ಟನ್ನು ಗುರುತಿಗಿಟ್ಟುಕೊಂಡು ‘ಜಾಲಹಳ್ಳಿಯ ಕುರ್ಕ’ ಓದುತ್ತಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟವರು, ನನಗೆ ತಿಳಿದಂತೆ ದಿನಪತ್ರಿಕೆ ಬಿಟ್ಟು ಪೂರ್ತಿ ಓದಿ ಮುಗಿಸಿದ್ದು ಈ ನಾಲ್ಕು ಪುಸ್ತಕಗಳನ್ನು ಮಾತ್ರ. "ಇದನ್ನು ಓದಿದೆಯೇನೋ?" ಎಂದು ಕೇಳಿದರು. ನಾನು, ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ಇಂಗ್ಲಿಷ್ ಪ್ರತಿಯನ್ನು ಚೀಲದಿಂದ ತೆಗೆದು ತೋರಿಸಿ, "ಅದು ಅನುವಾದ ಅಪ್ಪ, ನಾನು ಮೂಲವನ್ನೇ ಓದುತ್ತಿದ್ದೇನೆ" ಎಂದೆ. ಅಪ್ಪ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಎರಡು ಪುಟ ಮಗುಚಿ, ಹಿಂದಿರುಗಿಸಿ, ತಣ್ಣಗೆ ಕೇಳಿದರು: "ಆ ಹುಲಿಗೆ ಇಂಗ್ಲಿಷ್ ಬರ್ತಿತ್ತೇನಪ್ಪಾ?"

ಆಗ ನಾನು ನಕ್ಕುಬಿಟ್ಟೆ. ಮೇಳದಲ್ಲಿ ಆ ನಾಲ್ಕು ಪುಸ್ತಕಗಳು ಅಡುಗೆ ಪುಸ್ತಕಗಳ ಮೇಲೆ ಬಿದ್ದಿದ್ದನ್ನು ನೋಡುವವರೆಗೂ ಅಪ್ಪ ಕೇಳಿದ್ದು ತಮಾಷೆಗೆ ಎಂದೇ ನಂಬಿದ್ದೆ.

ಮನೆಗೆ ಬಂದವನೇ ಕಪಾಟು ತೆಗೆದು ನೋಡಿದೆ. ಅಪ್ಪನ ಸೆಟ್ಟಿನಲ್ಲಿ ಮೂರೇ ಇವೆ. ‘ಜಾಲಹಳ್ಳಿಯ ಕುರ್ಕ’ ಇಲ್ಲ. ಈ ಸರಣಿಯ ಯಾವ ಸೆಟ್ಟೂ ಯಾರ ಮನೆಯಲ್ಲೂ ಪೂರ್ತಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತು, ನನ್ನ ಬಳಿಯೂ ಇಬ್ಬರ ಹೆಸರು ಬರೆದ ಎರಡು ಪ್ರತಿಗಳಿವೆ, ಕೇಳಿದರೆ ಕೊಡುತ್ತೇನೆ. ಆದರೆ ನನ್ನದನ್ನು ಒಯ್ದವರು ಈ ಗೆಳೆಯರ ಪಟ್ಟಿಯಲ್ಲೇ ಇದ್ದೀರಿ. ಮೊದಲ ಪುಟದಲ್ಲಿ ನೀಲಿ ಶಾಯಿಯ ಸಹಿ ಇದೆ, ನಡುವೆ ಎಲ್ಲೋ ಒಂದು ಹಳೆಯ ಬಸ್ ಟಿಕೆಟ್ ಇರಬೇಕು. ಪುಸ್ತಕ ಬೇಕಿದ್ದರೆ ಇಟ್ಟುಕೊಳ್ಳಿ, ಹೊಸದು ಕೊಂಡೇನು. ಟಿಕೆಟ್ ಮಾತ್ರ ಯಾವ ಪುಟದಲ್ಲಿತ್ತೆಂದು ನೋಡಿ ಹೇಳಿ, ಅದನ್ನು ಹಿಂದಿರುಗಿಸಿ.